ಟೇಪು ವಾಡಿ ದಾಟಿ ಬರುತ್ತಿದ್ದ ಕಾಲ

ಟಿ.ವಿ. ಬೆಂಗಳೂರಿಗಿಂತ ಮೊದಲು ನಮ್ಮ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಗೆ ಬಂತು. ಬೆಂಗಳೂರಿನ ಎಡಿಟಿಂಗ್ ಕೋಣೆಗಳಲ್ಲಿ ಈ ಮಾತು ಹೇಳಿದರೆ ಹುಡುಗರು ನಗುತ್ತಿದ್ದರು. ಲೆಕ್ಕ ಮಾತ್ರ ಸರಿಯಾಗಿಯೇ ಇದೆ. 1975ರ ಆಗಸ್ಟ್ 1ರಂದು ಇಸ್ರೊ ಮತ್ತು ನಾಸಾ ಸೇರಿ ಶುರು ಮಾಡಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದಿಂದ ಚಿತ್ರ ನೇರವಾಗಿ ಇಳಿಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಡಿಯುವ ತಂತಿಬಲೆಯಿಂದಲೇ ಮಾಡಿದ ಹತ್ತಡಿಯ ತಟ್ಟೆ, ಶಾಲೆಯಲ್ಲೋ ಪಂಚಾಯ್ತಿ ಕಟ್ಟೆಯಲ್ಲೋ ಒಂದು ಪೆಟ್ಟಿಗೆ, ಮುಂದೆ ಇಡೀ ಊರು. ಒಂದು ವರ್ಷಕ್ಕೆ ಅದು ಮುಗಿಯಿತು. ಅದರ ಬೆನ್ನಿಗೇ 1977ರಲ್ಲಿ ಗುಲಬರ್ಗಾ ದೂರದರ್ಶನ ಶುರುವಾಯಿತು. ಬೆಂಗಳೂರು ಟಿ.ವಿ. ಕಂಡದ್ದು 1981ರಲ್ಲಿ.

ಆ ಸೈಟ್ ಕಾಲದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ನಮ್ಮ ಹೊಲ, ನಮ್ಮ ಜನ, ನಮ್ಮ ಮಾತು ಬೇರೆ ಊರಿನ ಕೋಣೆಯೊಳಗೆ ಕತ್ತರಿಗೆ ಬೀಳುವುದು ಹೀಗೆ ಮೊದಲ ದಿನದಿಂದಲೇ ಬಂದ ಪದ್ಧತಿ. ಮುಂದೆ ಅಂಥದೊಂದು ಕೋಣೆಯಲ್ಲಿ ಕೂತು ಕತ್ತರಿಸುವ ಕೆಲಸ ನನಗೇ ಬಂತು.

ನಮ್ಮದು ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿ. ಮೇಲೆ ತೊಗರಿ ಬೆಳೆಯುವ ಎರೆಮಣ್ಣು, ಕೆಳಗೆ ಸುಣ್ಣದ ಕಲ್ಲು ಇರುವ ಸೀಮೆ. ಆ ಕಲ್ಲಿಗಾಗಿಯೇ ಶಹಾಬಾದ, ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ನಾನು ಕೆಲಸ ಕಲಿತದ್ದು ಗುಲಬರ್ಗಾದ ಒಂದು ಮದುವೆ ವಿಡಿಯೊ ಸ್ಟುಡಿಯೊದಲ್ಲಿ, ತೊಂಬತ್ತರ ದಶಕದಲ್ಲಿ. ನೆಲಕ್ಕೆ ಶಹಾಬಾದ ಫರ್ಸಿ, ಕಿಟಕಿಗೆ ಕೂಲರ್, ಮೇಜಿನ ಮೇಲೆ ಎರಡು ವಿಸಿಆರ್, ನಡುವೆ ಒಂದು ಮಿಕ್ಸರ್. ಹೃದಯದ ಆಕಾರದಲ್ಲಿ ತೆರೆದುಕೊಳ್ಳುವ ವೈಪ್ ಇಲ್ಲದಿದ್ದರೆ ಹೆಣ್ಣಿನ ಕಡೆಯವರು ದುಡ್ಡು ಕೊಡುತ್ತಿರಲಿಲ್ಲ. ಪುಟ ಮಗುಚಿದಂತೆ ಚಿತ್ರ ತಿರುಗಿದರೆ ಗಂಡಿನ ಕಡೆಯವರಿಗೂ ಸಮಾಧಾನ. ಒಂದು ಮದುವೆ ಅಂದರೆ ಮೂರು ತಾಸಿನ ಒಂದು ಕ್ಯಾಸೆಟ್. ಅದು ತುಂಬಲೇಬೇಕು. ಮೂರು ತಾಸು ಎಂದು ಹೇಳಿ ಎರಡೂವರೆಗೆ ನಿಲ್ಲಿಸಿದರೆ ಬಾಕಿ ಟೇಪಿನ ಲೆಕ್ಕ ಕೇಳುವವರಿದ್ದರು.

ಟೇಪಿನಿಂದ ಟೇಪಿಗೆ ಎಡಿಟ್ ಮಾಡುವುದು ಹೇಗಿತ್ತೆಂದು ಇಂದಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಯಂತ್ರ ಪ್ಲೇಯರ್, ಇನ್ನೊಂದು ರೆಕಾರ್ಡರ್. ನಡುವಿನ ಕಂಟ್ರೋಲರ್‌ಗೆ ಒಂದು ಗುಂಡು ಚಕ್ರ. ಅದನ್ನು ಬೆರಳಿನಿಂದ ತಿರುಗಿಸುತ್ತ ಫ್ರೇಮ್ ಫ್ರೇಮ್ ಮುಂದೆ ಹಿಂದೆ ಹೋಗಿ ‘ಇನ್’ ಹಾಕಬೇಕು, ‘ಔಟ್’ ಹಾಕಬೇಕು. ನಮ್ಮ ಟಿ.ವಿ.ಗೆ ಸೆಕೆಂಡಿಗೆ 25 ಫ್ರೇಮ್. ಬಟನ್ ಒತ್ತಿದರೆ ಎರಡೂ ಯಂತ್ರ ಐದು ಸೆಕೆಂಡು ಹಿಂದಕ್ಕೆ ಸರಿದು, ನಿಂತು, ಒಟ್ಟಿಗೆ ಓಡಿ ಬಂದು ಸರಿಯಾದ ಜಾಗದಲ್ಲಿ ರೆಕಾರ್ಡಿಂಗ್ ಹಿಡಿಯುತ್ತಿದ್ದವು. ಹೀಗೆ ಒಂದರ ಹಿಂದೆ ಒಂದು ಶಾಟ್ ಜೋಡಿಸಿ ಅರ್ಧ ಗಂಟೆಯ ಕಾರ್ಯಕ್ರಮ ಮುಗಿಸಿದ ಮೇಲೆ ನಿರ್ಮಾಪಕರು ಬಂದು, ‘ಎಂಟನೇ ನಿಮಿಷದಲ್ಲಿ ಆ ಎತ್ತಿನ ಶಾಟ್ ಇನ್ನೊಂದು ಸೆಕೆಂಡು ಇರಲಿ’ ಅಂದರೆ ಮುಗಿಯಿತು ಕಥೆ. ಅಲ್ಲಿಂದ ಮುಂದಿನದೆಲ್ಲ ಮತ್ತೆ ಜೋಡಿಸಬೇಕು, ಇಲ್ಲವೇ ಮಾಡಿದ್ದನ್ನೇ ಇನ್ನೊಂದು ಟೇಪಿಗೆ ಇಳಿಸಿಕೊಂಡು ನಡುವೆ ತುರುಕಬೇಕು. ಪ್ರತಿ ಸಲ ಇಳಿಸಿದಾಗಲೂ ಬಣ್ಣ ತೊಳೆದು ಹೋಗುತ್ತಿತ್ತು. ಮೂರನೇ ಪ್ರತಿಗೆ ಬರುವಷ್ಟರಲ್ಲಿ ಮದುಮಗಳ ಕೆಂಪು ಸೀರೆ ಅಂಚು ಬಿಟ್ಟು ಹೊರಗೆ ಚೆಲ್ಲಿಕೊಂಡಿರುತ್ತಿತ್ತು.

ಹಾಗಾಗಿ ಯಂತ್ರ ಮುಟ್ಟುವ ಮೊದಲು ಕಾಗದ. ಎಷ್ಟು ಟೇಪು ಬಂದಿದೆಯೋ ಅಷ್ಟೂ ಕೂತು ನೋಡಬೇಕು. ಯಾವ ನಿಮಿಷದಲ್ಲಿ ಏನಿದೆ, ಯಾರು ಏನಂದರು, ಎಲ್ಲಿ ಕ್ಯಾಮೆರಾ ಅಲುಗಿತು ಎಂದು ಬರೆದುಕೊಳ್ಳಬೇಕು. ನನ್ನ ಮಟ್ಟಿಗೆ ನಮ್ಮ ಕಸುಬಿನ ತಿರುಳು ಇದೇ. ಕತ್ತರಿಸುವವನು ಎಲ್ಲವನ್ನೂ ನೋಡಿದವನಾಗಿರುತ್ತಿದ್ದ. ಬೇಕಾದದ್ದನ್ನು ಹುಡುಕಲು ಬೇಡವಾದದ್ದನ್ನೂ ದಾಟಿಯೇ ಹೋಗಬೇಕಿತ್ತು. ಅಲ್ಲೇ, ಯಾರೂ ಕೇಳದ ಕಡೆ, ಒಳ್ಳೆಯ ಚಿತ್ರ ಸಿಗುತ್ತಿತ್ತು. ಮಾತು ಮುಗಿದ ಮೇಲೂ ಕ್ಯಾಮೆರಾ ಓಡುತ್ತಿರುವಾಗ ಮುಖದ ಮೇಲೆ ಬರುವುದು ಮಾತಾಡುವಾಗ ಬರುವುದಿಲ್ಲ.

ಹಾಗಂತ ಟೇಪಿನ ಕಾಲವೇ ಚೆನ್ನ ಎನ್ನುವವನು ನಾನಲ್ಲ. ಹಾಗೆ ಹಾಡಿಹೊಗಳುವವರು ಯಾರೂ ವಾಡಿಯಲ್ಲಿ ಚಿತ್ರೀಕರಿಸಿ ತಂದ ಟೇಪನ್ನು ಯಂತ್ರಕ್ಕೆ ಹಾಕಿದವರಲ್ಲ. ಕಾರ್ಖಾನೆ, ಗಣಿಯ ಬಳಿಯಿಂದ ಬಂದ ಕ್ಯಾಸೆಟ್ಟಿನ ಬಾಯಿ ತೆರೆದರೆ ಬೂದು ಪುಡಿ. ಅದು ಟೇಪು ಓದುವ ಹೆಡ್ಡಿಗೆ ಅಂಟಿದರೆ ಪರದೆಯ ತುಂಬ ಬಿಳಿ ಗೆರೆ. ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಚರ್ಮದ ತುಂಡನ್ನು ಡ್ರಮ್ಮಿಗೆ ಆನಿಸಿ, ಡ್ರಮ್ಮನ್ನಷ್ಟೇ ಕೈಯಿಂದ ತಿರುಗಿಸಬೇಕು. ಚರ್ಮ ಮೇಲೆ ಕೆಳಗೆ ಆಡಿಸಿದರೆ ಹೆಡ್ಡೇ ಮುರಿಯುತ್ತದೆ, ಮಾಲೀಕರು ನಮ್ಮನ್ನು ಮುರಿಯುತ್ತಾರೆ. ಮೇ ತಿಂಗಳ ಬಿಸಿಲು, ಕರೆಂಟು ಹೋದ ಹೊತ್ತು, ಟೇಪು ಯಂತ್ರದೊಳಗೆ ಸಿಕ್ಕಿಕೊಂಡ ಸಂಕಟ ಬೇರೆ.

1994ರಲ್ಲಿ ಉದಯ ಟಿ.ವಿ., 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂದವು. ಈಟಿವಿ ನಡೆಯುತ್ತಿದ್ದದ್ದು ಹೈದರಾಬಾದಿನ ರಾಮೋಜಿ ಫಿಲಂ ಸಿಟಿಯಿಂದ. ಕನ್ನಡ ಬಲ್ಲ ಹುಡುಗರಿಗೆ ಆಗ ಹೈದರಾಬಾದಿನಲ್ಲಿ ಕೆಲಸ ಸಿಗತೊಡಗಿತು. ನಮ್ಮ ಕಡೆಯವರಿಗೆ ಆ ಊರು ಹೊಸದೇನಲ್ಲ, ಬೆಂಗಳೂರಿಗಿಂತ ಹತ್ತಿರ. ಆಸ್ಪತ್ರೆ, ವ್ಯಾಪಾರ, ಕೂಲಿ ಎಲ್ಲಕ್ಕೂ ಸೇಡಂ, ಚಿತ್ತಾಪುರದವರು ರೈಲು ಹತ್ತುತ್ತಿದ್ದದ್ದು ಆ ದಿಕ್ಕಿಗೇ. ನಾನೂ ಅಲ್ಲಿನ ಒಂದು ನಿರ್ಮಾಣ ಸಂಸ್ಥೆಯ ಎಡಿಟಿಂಗ್ ಕೋಣೆ ಸೇರಿದೆ. ಗುಲಬರ್ಗಾ ಕಡೆಯ ಟೇಪುಗಳು ನಮಗೆ ರೈಲಿನಲ್ಲೇ ಬರುತ್ತಿದ್ದವು. ಗುಲಬರ್ಗಾದಲ್ಲಿ ಯಾರದೋ ಕೈಗೆ ಕೊಟ್ಟ ಲಕೋಟೆ ಶಹಾಬಾದ ಮೇಲಿಂದ ವಾಡಿಗೆ ಬಂದು, ಅಲ್ಲಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ನಮ್ಮ ಮೇಜಿಗೆ ಬರಬೇಕು. ರೈಲು ತಡವಾದರೆ ಸುದ್ದಿಯೂ ತಡ. ಲಕೋಟೆಯಲ್ಲಿ ಕ್ಯಾಸೆಟ್ಟಿನ ಜೊತೆ ಮಡಚಿದ ಕಾಗದ. ‘ಮೊದಲ 4 ನಿಮಿಷ ಹೊಲ. ಆಮೇಲೆ ಅಜ್ಜನ ಮಾತು, ಗಾಳಿ ಬಾಳ ಅದ. ಕಡೀಗೆ ಕೆರಿ, ಚಲೋ ಬಂದದ, ತಗೋರಿ.’ ಚಿತ್ರ ತೆಗೆದವನ ಕಣ್ಣು, ಅವನ ಅಭಿಪ್ರಾಯ ಎರಡೂ ಆ ಚೀಟಿಯಲ್ಲೇ ಸಿಗುತ್ತಿದ್ದವು.

ಅದೇ ಹೊತ್ತಿಗೆ ಕಂಪ್ಯೂಟರ್ ಬಂತು. ಸಣ್ಣ ಡಿವಿ ಕ್ಯಾಸೆಟ್ಟು, ಫೈರ್‌ವೈರ್ ತಂತಿ, ಒಂದು ಗಂಟೆಯ ಚಿತ್ರಕ್ಕೆ 13 ಜಿಬಿ ಜಾಗ. 40 ಜಿಬಿಯ ಹಾರ್ಡ್‌ಡಿಸ್ಕ್ ಇದ್ದವನೇ ಶ್ರೀಮಂತ. ನಡುವೆ ಒಂದು ಸೆಕೆಂಡು ಸೇರಿಸಿದರೆ ನಂತರದ್ದೆಲ್ಲ ತಾನಾಗಿ ಮುಂದೆ ಸರಿಯುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ನಮ್ಮ ಹಿರಿಯ ಎಡಿಟರ್ ಒಬ್ಬರು ಕುರ್ಚಿ ಹಿಂದಕ್ಕೆ ಎಳೆದು ಸುಮ್ಮನೆ ಕೂತುಬಿಟ್ಟರು. ಆಮೇಲೆ ಒಂದು ಬೈಗುಳ ಬಿತ್ತು. ಬೈದದ್ದು ಕಂಪ್ಯೂಟರಿಗಲ್ಲ, ಅದುವರೆಗಿನ ತಮ್ಮ ವರ್ಷಗಳಿಗೆ. ಆಗಲೂ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಅದು ಓಡುವಷ್ಟೇ ಹೊತ್ತು ಬೇಕಿತ್ತು, ಒಂದು ತಾಸಿಗೆ ಒಂದು ತಾಸು. ಕಾಯುವ ಹೊತ್ತಿನಲ್ಲಿ ಪರದೆಯನ್ನು ನೋಡದೆ ಇನ್ನೇನು ಮಾಡುವುದು? ಹಾಗಾಗಿ ಪೂರ್ತಿ ನೋಡುವ ಅಭ್ಯಾಸ ಇನ್ನೂ ಕೆಲವು ವರ್ಷ ಉಳಿಯಿತು. ಮೆಮೊರಿ ಕಾರ್ಡ್ ಬಂದು ಇಳಿಸುವ ಕೆಲಸ ನಿಮಿಷಗಳಲ್ಲಿ ಮುಗಿಯತೊಡಗಿದ ಮೇಲೆ ಅದೂ ಹೋಯಿತು.

2006ರಿಂದ ಈಚೆಗೆ ಟಿವಿ9, ಸುವರ್ಣ ನ್ಯೂಸ್, ಪಬ್ಲಿಕ್ ಟಿವಿ ಹೀಗೆ ಕನ್ನಡದಲ್ಲಿ ಇಪ್ಪತ್ನಾಲ್ಕು ತಾಸಿನ ಸುದ್ದಿ ಹೆಚ್ಚಿದಾಗ ನಮ್ಮಂಥವರು ಬೆಂಗಳೂರಿಗೆ ಬಂದೆವು. ಅಲ್ಲಿ ನಮ್ಮ ಭಾಗಕ್ಕೆ ಮೊದಲೇ ಒಂದು ಚಿತ್ರ ತಯಾರಿತ್ತು: ಬಿರಿದ ನೆಲ, ಖಾಲಿ ಕೊಡ, ಬಿಸಿಲು. ಮಳೆ ಬಿದ್ದ ವರ್ಷವೂ ಹಳೆಯ ಬಿರಿದ ನೆಲವೇ ಓಡುತ್ತಿತ್ತು, ಫೈಲ್‌ನಲ್ಲಿ ಕೈಗೆ ಬೇಗ ಸಿಗುತ್ತಿದ್ದದ್ದು ಅದೇ.

ನನಗೆ ಸಿಟ್ಟು ತರಿಸಿದ್ದು ಇನ್ನೊಂದು. ಚಿಂಚೋಳಿ ಕಡೆಯ ಒಬ್ಬ ಹೆಣ್ಣುಮಗಳ ಬೈಟ್ ಬಂದಿತ್ತು. ಬೆಳೆದು ನಿಂತ ತೊಗರಿಗೆ ನೆಟೆ ರೋಗ ಬಿದ್ದಿದೆ. ಆಕೆ ಅಂದದ್ದು ಇಷ್ಟು: ‘ನೆಟಿ ಹತ್ತಿ ಹೊಲಕ್ಕ ಹೊಲಾನೇ ಒಣಗ್ಯಾದ್ರಿ. ಕಾಯಿ ಹಿಡಿಯೋ ಟೈಮಿಗಿ ಹಿಂಗಾಗ್ಯಾದ. ಯಾರಿಗಿ ಹೇಳಾದು.’ ಆಮೇಲೆ ಗಿಡವೊಂದನ್ನು ಕಿತ್ತು, ಕಾಂಡ ಮುರಿದು, ಒಳಗಿನ ಕಪ್ಪು ಗೆರೆಯನ್ನು ಕ್ಯಾಮೆರಾಗೆ ಹಿಡಿದಳು. ಸುಮಾರು ಮೂರು ಸೆಕೆಂಡು ಮಾತಿಲ್ಲ. ನಾನು ಅದನ್ನು ಹಾಗೇ ಇಟ್ಟಿದ್ದೆ. ಅಂದಿನ ಪಾಳಿಯ ಮುಖ್ಯಸ್ಥರು ನೋಡಿ, ‘ಭಾಷೆ ಅರ್ಥ ಆಗಲ್ಲ, ವಾಯ್ಸ್ ಓವರ್ ಕೊಡಿ, ಖಾಲಿ ಜಾಗ ಎತ್ತಿ’ ಅಂದರು. ಕನ್ನಡ ಚಾನೆಲ್ಲಿನಲ್ಲಿ ಕನ್ನಡದ ಹೆಣ್ಣುಮಗಳ ಕನ್ನಡ ಅರ್ಥವಾಗುವುದಿಲ್ಲ. ವಾದ ಮಾಡಿ ಕೊನೆಗೆ ಆಕೆಯ ಮಾತಿನ ಕೆಳಗೆ ಕನ್ನಡದಲ್ಲೇ ಅಕ್ಷರ ಹಾಕಿದೆವು. ಆ ಮೂರು ಸೆಕೆಂಡು ಮಾತ್ರ ಉಳಿಯಲಿಲ್ಲ. ರೋಗ ಏನೆಂದು ತೋರಿಸುತ್ತಿದ್ದ ಚಿತ್ರ ಇಡೀ ವರದಿಯಲ್ಲಿ ಅದೊಂದೇ. ಊರೂರಿಗೆ ಕನ್ನಡ ಬೇರೆ ಎಂಬುದನ್ನು ಒಂಬತ್ತನೇ ಶತಮಾನದಲ್ಲೇ ಒಪ್ಪಿಕೊಂಡ ಕವಿರಾಜಮಾರ್ಗ ನಮ್ಮ ಮಳಖೇಡದ ಆಸ್ಥಾನದ ಕೃತಿ. ಆ ಕೃತಿಯ ಪಾಠ ಓದಿ ಪಾಸಾದವರೇ ನಮ್ಮ ಡೆಸ್ಕಿನಲ್ಲಿದ್ದರು.

ಈಗ ಊರಿನಿಂದ ಲಕೋಟೆ ಬರುವುದಿಲ್ಲ. ಕಾಗಿಣಾ ನದಿ ಉಕ್ಕಿ ಮಳಖೇಡದ ಉತ್ತರಾದಿ ಮಠದೊಳಗೆ ನೀರು ನುಗ್ಗಿದರೆ ಹತ್ತು ನಿಮಿಷದಲ್ಲಿ ಮೂವತ್ತು ಮೊಬೈಲ್ ವಿಡಿಯೊ ಬಂದು ಬೀಳುತ್ತವೆ. ಎಲ್ಲ ಉದ್ದಕ್ಕೆ ನಿಂತ ಚಿತ್ರಗಳು. ಎರಡೂ ಪಕ್ಕಕ್ಕೆ ಅದೇ ಚಿತ್ರವನ್ನು ಮಸುಕು ಮಾಡಿ ತುಂಬಿ, ಎಂಟು ಸೆಕೆಂಡಿನದನ್ನು ಸುತ್ತಿ ಸುತ್ತಿ ತೋರಿಸಿದರೆ ಕೆಲಸ ಆಯಿತು. ತೆಗೆದವರು ಯಾರು, ಯಾವ ದಿನದ್ದು ಎಂದು ಕೇಳಲು ಪುರುಸೊತ್ತಿಲ್ಲ, ಹೋದ ವರ್ಷದ ನೀರು ಈ ವರ್ಷವೂ ಹರಿದೀತು. ಆದರೆ ಇದರಲ್ಲಿ ಒಳ್ಳೆಯದೂ ಇದೆ, ಮುಚ್ಚಿಡಬಾರದು. ಸೇಡಂ, ಶಹಾಬಾದದ ಹುಡುಗರು ಮೊಬೈಲಿನಲ್ಲೇ ಎಡಿಟ್ ಮಾಡಿ ತಮ್ಮದೇ ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಅವರು ಯಾರ ಮಾತಿಗೂ ಕೆಳಗೆ ಅಕ್ಷರ ಹಾಕುವುದಿಲ್ಲ. ನಮ್ಮ ಕಡೆಯ ಮಾತಿಗೆ ಟಿ.ವಿ.ಯಲ್ಲಿ ನಾವಿದ್ದಾಗ ಸಿಗದ ಉದ್ದ ಅಲ್ಲಿ ಸಿಕ್ಕಿದೆ. ಅವರ ಕಟ್‌ಗಳು ಒರಟು, ಸಂಗೀತ ಅತಿ. ಆದರೂ ಚಿತ್ರದಲ್ಲಿರುವ ಅಜ್ಜ ಏನು ಹೇಳುತ್ತಿದ್ದಾನೆಂದು ಕತ್ತರಿಸುವವನಿಗೆ ತಿಳಿದಿರುತ್ತದೆ.

ಅತ್ತ ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೇಶದಾದ್ಯಂತ ನಿಲ್ಲಿಸುತ್ತ ಬಂದಂತೆ, 2021ರಲ್ಲಿ ಕಲಬುರಗಿಯ ಸರದಿಯೂ ಬಂತು. ಕೇಂದ್ರ ಮುಚ್ಚುವುದಿಲ್ಲ, ಉಪಗ್ರಹ ವಾಹಿನಿಗೂ ಯೂಟ್ಯೂಬಿಗೂ ಕಾರ್ಯಕ್ರಮ ತಯಾರಿಸುತ್ತದೆ ಎಂದು ಪ್ರಸಾರ ಭಾರತಿ ಹೇಳಿತು.

ಈ ಭಾಗದ ಓದುಗರಲ್ಲಿ ಒಂದು ಮಾತು ಕೇಳಿಕೊಳ್ಳುವುದಿದೆ. ನಿಮ್ಮ ಅಟ್ಟದ ಮೇಲೆ, ಅಲಮಾರಿಯ ತಳದಲ್ಲಿ ತೊಂಬತ್ತರ ದಶಕದ ಮದುವೆ, ಜಾತ್ರೆ, ಉರುಸಿನ ಕ್ಯಾಸೆಟ್ಟುಗಳು ಇದ್ದಾವು. ಗಣಿ ಆಗುವ ಮೊದಲಿನ ಹೊಲ, ಈಗ ಇಲ್ಲದ ಬಾವಿ, ತೀರಿಕೊಂಡವರ ದನಿ ಅವುಗಳಲ್ಲಿ ಇವೆ. ಕ್ಯಾಸೆಟ್ಟು ಉಳಿದರೂ ಓಡಿಸುವ ಯಂತ್ರ ಉಳಿಯುವುದಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯಿ, 2016ರ ಜುಲೈನಲ್ಲೇ ನಿಲ್ಲಿಸಿತು. ಟೇಪಿನ ಅಂಚಿನಲ್ಲಿ ಬಿಳಿ ಬೂಸು ಕಂಡರೆ ಸ್ವಚ್ಛ ಮಾಡಿಸದೆ ಯಂತ್ರಕ್ಕೆ ಹಾಕಬೇಡಿ, ಹೆಡ್ಡೂ ಕೆಡುತ್ತದೆ. ಬೇಗ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಪ್ರತಿ ಇಟ್ಟುಕೊಳ್ಳಿ. ಅಂಗಡಿಯವರು ‘ಬೇಡಾದ್ದೆಲ್ಲ ತೆಗೆದು, ಹಾಡು ಹಾಕಿ, ಇಪ್ಪತ್ತು ನಿಮಿಷಕ್ಕೆ ಚಲೋ ಮಾಡಿ ಕೊಡ್ತೀವಿ’ ಅಂದರೆ ಬೇಡ ಅನ್ನಿ. ಮೂರು ತಾಸು ಇದ್ದರೆ ಮೂರು ತಾಸನ್ನೂ ಇಳಿಸಿಕೊಳ್ಳಿ.