ಹಿಡಿಯೋದು ಸ್ಪ್ರಿಂಗ್, ಬಿಡೋದು ಗಾಳಿ

ಮಿಲ್ಲಿಂಗ್ ಮಷೀನ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಲೇತ್‌ನಲ್ಲಿ ಕೆಲಸದ ತುಂಡು ತಿರುಗುತ್ತೆ, ಇದರಲ್ಲಿ ಕಟ್ಟರ್ ತಿರುಗುತ್ತೆ. ಲೋಹವನ್ನು ಹೆರೆದು ಹೆರೆದು ಬೇಕಾದ ಆಕಾರಕ್ಕೆ ತರೋದು ಇದರ ಕೆಲಸ. ಬೆಂಗಳೂರಿನ ನಮ್ಮ ಬಾಡಿಗೆ ಮನೆ ಕೆಳಗೆ, ಸ್ಕೂಟರ್ ನಿಲ್ಲಿಸೋ ಜಾಗದ ಪಕ್ಕದ ಕೋಣೆಯಲ್ಲಿ ಇಂಥದ್ದೊಂದು ಪುಟ್ಟ ಮಷೀನ್ ಇದೆ. ವಾರವಿಡೀ ಆಫೀಸಿನಲ್ಲಿ ಕೋಡ್ ಬರೀತೀನಿ, ಭಾನುವಾರ ಇದರ ಮುಂದೆ ನಿಂತಿರ್ತೀನಿ.

ಒಂದು ಸಾಧಾರಣ ಅಲ್ಯೂಮಿನಿಯಂ ಬ್ರಾಕೆಟ್‌ಗೂ ನಾಲ್ಕು ಟೂಲ್ ಬೇಕು. ಮೇಲ್ಮೈ ಸಮ ಮಾಡೋಕೆ ಒಂದು, ಅಂಚು ಕತ್ತರಿಸೋಕೆ ಒಂದು, ತೂತು ಕೊರೆಯೋಕೆ ಒಂದು, ಚೂಪು ಮೂಲೆ ಸವರೋಕೆ ಇನ್ನೊಂದು. ಪ್ರತಿ ಸಲವೂ ಮಷೀನ್ ನಿಲ್ಲಿಸಿ, ಸ್ಪ್ಯಾನರ್ ಹಾಕಿ ಬಿಚ್ಚಿ, ಹೊಸದನ್ನು ಕೂರಿಸಿ, ಅದರ ಉದ್ದ ಅಳೆಯಬೇಕು. ಏನಿಲ್ಲ ಅಂದ್ರೂ ಮೂರು ನಿಮಿಷ. ಹತ್ತು ಬ್ರಾಕೆಟ್ ಒಂದೊಂದಾಗಿ ಮಾಡಿದ್ರೆ ನಲವತ್ತು ಸಲ. ಎರಡು ಗಂಟೆ ಬರೀ ಸ್ಪ್ಯಾನರ್ ಹಿಡಿದೇ ಹೋಯ್ತು.

ದೊಡ್ಡ ಮಷೀನುಗಳಿಗೆ ಈ ತಾಪತ್ರಯ ಇಲ್ಲ. ಅಮೆರಿಕದ ಕಿಯರ್ನಿ ಅಂಡ್ ಟ್ರೆಕರ್ ಕಂಪನಿ 1950ರ ದಶಕದ ಕೊನೆಯಲ್ಲೇ ತಾನಾಗಿ ಟೂಲ್ ಬದಲಿಸಿಕೊಳ್ಳುವ ಮಷೀನ್ ಮಾಡಿತ್ತು. ಇವತ್ತು ಪೀಣ್ಯದ ಶೆಡ್ಡುಗಳಲ್ಲೂ ಅಂಥವು ಓಡ್ತಾ ಇವೆ, ಎರಡು-ಮೂರು ಸೆಕೆಂಡಿನಲ್ಲಿ ಟೂಲ್ ಬದಲಿಸಿಬಿಡ್ತವೆ. ಇದಕ್ಕೆ ಆಟೋಮ್ಯಾಟಿಕ್ ಟೂಲ್ ಚೇಂಜರ್, ಚಿಕ್ಕದಾಗಿ ಎಟಿಸಿ ಅಂತಾರೆ. ಕೊಳ್ಳೋಕೆ ಹೋದ್ರೆ ನನ್ನ ಮಷೀನಿಗಿಂತ ಅದೇ ದುಬಾರಿ. ಸರಿ, ನಾನೇ ಮಾಡೋಣ ಅಂತ ಕೂತೆ.

ಮೊದಲು ಟೂಲ್ ಹೇಗೆ ನಿಲ್ಲುತ್ತೆ ಅಂತ ಹೇಳ್ತೀನಿ. ಟೂಲ್ ಹೋಲ್ಡರಿನ ಮೇಲ್ಭಾಗ ಶಂಕುವಿನ ಆಕಾರದಲ್ಲಿರುತ್ತೆ. ನಾನು ಹಾಕಿರೋ ಬಿಟಿ30 ಹೋಲ್ಡರಿನಲ್ಲಿ ಪ್ರತಿ 24 ಮಿಲಿಮೀಟರ್ ಉದ್ದಕ್ಕೆ ವ್ಯಾಸ 7 ಮಿಲಿಮೀಟರ್ ಕಮ್ಮಿ ಆಗುತ್ತಾ ಹೋಗುತ್ತೆ. ಇಷ್ಟು ಓರೆ ಇದ್ರೆ ಅದು ತಾನಾಗಿ ಕಚ್ಚಿಕೊಳ್ಳಲ್ಲ, ಸುಲಭವಾಗಿ ಬಿಟ್ಟುಕೊಳ್ಳುತ್ತೆ. ಹಾಗಾಗಿ ಯಾರಾದ್ರೂ ಅದನ್ನು ಸದಾ ಮೇಲಕ್ಕೆ ಎಳೆದು ಹಿಡಿದಿರಬೇಕು. ಆ ಕೆಲಸ ಸ್ಪಿಂಡಲ್ ಒಳಗಿನ ಡ್ರಾಬಾರ್ ಎಂಬ ಸರಳಿನದ್ದು. ಸರಳನ್ನು ಎಳೆಯೋದು ಡಿಸ್ಕ್ ಸ್ಪ್ರಿಂಗ್‌ಗಳು. ನಡುವೆ ತೂತಿರೋ, ತುಸು ಬಾಗಿದ ಪುಟ್ಟ ತಟ್ಟೆಗಳು ಅಂದ್ಕೊಳ್ಳಿ. ಒಂದರೊಳಗೊಂದು ಕೂರಿಸಿದ್ರೆ ಬಲ ಜಾಸ್ತಿ, ಎದುರುಬದುರು ಜೋಡಿಸಿದ್ರೆ ಚಲನೆ ಜಾಸ್ತಿ. ನನ್ನ ಜೋಡಣೆ ಸುಮಾರು 300 ಕೆಜಿ ಬಲದಲ್ಲಿ ಎಳೆದು ಹಿಡಿಯುತ್ತೆ.

ಬಿಡಿಸಬೇಕು ಅಂದ್ರೆ ಅದಕ್ಕಿಂತ ಜೋರಾಗಿ ಒತ್ತಬೇಕು. 100 ಮಿಲಿಮೀಟರ್ ವ್ಯಾಸದ ಗಾಳಿ ಸಿಲಿಂಡರಿಗೆ 6 ಬಾರ್ ಒತ್ತಡ ಕೊಟ್ರೆ 480 ಕೆಜಿಯಷ್ಟು ಬಲ ಬರುತ್ತೆ. ಆ ಭಾರವೆಲ್ಲ ಬೇರಿಂಗ್ ಮೇಲೆ ಬೀಳಬಾರದು. ಅದಕ್ಕೆ ಡಾಕ್ಟರು ಸಿರಿಂಜ್ ಹಿಡಿಯೋ ಹಾಗೆ, ಸ್ಪಿಂಡಲಿನ ಅಂಚನ್ನು ಕೆಳಗಿಂದ ಹಿಡಿದು ಮೇಲಿಂದ ಒತ್ತುವಂತೆ ಸಿಲಿಂಡರ್ ಕೂರಿಸೋದು.

ಇದೆಲ್ಲ ಇನ್ನೂ ಕಾಗದದ ಮೇಲೆ ಇದ್ದಾಗ ಊರಿಂದ ಅಪ್ಪ ಬಂದಿದ್ರು. ಮದ್ದೂರಿನ ಕಡೆ ನಮ್ಮದು, ಕಬ್ಬು ಬೆಳೆಯೋ ಮನೆತನ. ಚಿತ್ರ ನೋಡಿದ್ರು, ಅರ್ಧಂಬರ್ಧ ವಿವರಿಸಿದೆ. ಅವರು ಕೇಳಿದ್ದು ಒಂದೇ.

“ಕರೆಂಟ್ ಹೋದ್ರೆ ಏನಾಯ್ತದ್ಲಾ ಮಗಾ?”

“ಟೂಲ್ ಬೀಳಲ್ಲಪ್ಪ. ಹಿಡಿಯೋದು ಸ್ಪ್ರಿಂಗ್, ಬಿಡೋದು ಗಾಳಿ. ಕರೆಂಟ್ ಹೋದ್ರೆ ವಾಲ್ವ್ ಮುಚ್ಕೊಂಡು ಸಿಲಿಂಡರ್ ಗಾಳಿ ಆಚೆ ಹೋಗುತ್ತೆ. ಸ್ಪ್ರಿಂಗ್ ಪಾಡಿಗೆ ಸ್ಪ್ರಿಂಗ್ ಹಿಡ್ಕೊಂಡಿರುತ್ತೆ.”

“ಅದ್ಸರಿ. ವಾಪಸ್ ಬಂದ್ರೆ?”

ಯಾಕೆ ಹಾಗೆ ಕೇಳಿದ್ರು ಅಂತ ನನಗೆ ಗೊತ್ತು. ನಮ್ಮ ದೊಡ್ಡಪ್ಪನ ಬಲಗೈಯಲ್ಲಿ ಎರಡು ಬೆರಳಿಲ್ಲ. ಆಲೆಮನೆಯಲ್ಲಿ ಗಾಣ ಓಡ್ತಿದ್ದಾಗ ಕರೆಂಟ್ ಹೋಗಿದೆ. ಸಿಕ್ಕಿಕೊಂಡ ಜಲ್ಲೆ ಕೀಳೋಕೆ ಕೈ ಹಾಕಿದ್ದಾರೆ. ಸ್ವಿಚ್ ಹಾಕಿದ ಹಾಗೇ ಇತ್ತು, ಕರೆಂಟ್ ಬಂದುಬಿಡ್ತು. ಹೋದ ಕರೆಂಟ್ ಏನೂ ಮಾಡಲಿಲ್ಲ, ಬಂದ ಕರೆಂಟ್ ಬೆರಳು ತಗೊಂಡು ಹೋಯ್ತು. ನಮ್ಮ ಕಡೆ ಬೋರ್‌ವೆಲ್‌ಗೆ ಆಟೋ ಸ್ಟಾರ್ಟರ್ ಹಾಕಿರ್ತಾರೆ, ನಡುರಾತ್ರಿ ಕರೆಂಟ್ ಬಂದ್ರೂ ಮೋಟಾರು ತಾನಾಗಿ ಶುರುವಾಗಲಿ ಅಂತ. ಗದ್ದೆಗೆ ನೀರು ಹಾಯಿಸೋಕೆ ಅದು ವರ. ಮನುಷ್ಯ ಕೈ ಹಾಕುವ ಮಷೀನಿಗೆ ಅದೇ ಶಾಪ.

ಅಪ್ಪನ ಎರಡನೇ ಪ್ರಶ್ನೆಯನ್ನು ಚಿತ್ರದ ತಲೆಯ ಮೇಲೆ ಕೆಂಪು ಇಂಕಿನಲ್ಲಿ ಬರೆದುಕೊಂಡೆ. ಮುಂದಿನ ಆರು ತಿಂಗಳ ಕೆಲಸವೆಲ್ಲ ಅದಕ್ಕೆ ಉತ್ತರ ಹುಡುಕಿದ್ದೇ.

ಮೊದಲನೆಯದು, ಮೋಟಾರಿಗೂ ಗಾಳಿ ವಾಲ್ವಿಗೂ ಕರೆಂಟ್ ಹೋಗೋದು ಒಂದು ಕಾಂಟ್ಯಾಕ್ಟರ್ ಮೂಲಕ. ಕರೆಂಟ್ ಹೋದ್ರೆ ಅದು ಬಿಟ್ಟುಕೊಳ್ಳುತ್ತೆ. ವಾಪಸ್ ಬಂದಾಗ ಯಾರಾದ್ರೂ ಬಂದು ಹಸಿರು ಗುಂಡಿ ಒತ್ತೋ ತನಕ ಏನೂ ಅಲ್ಲಾಡಲ್ಲ.

ಎರಡನೆಯದು ಸೆನ್ಸರ್. ಎಸ್.ಪಿ. ರೋಡಿನಿಂದ ತಂದ ಮೂರು ಪ್ರಾಕ್ಸಿಮಿಟಿ ಸೆನ್ಸರುಗಳು ಡ್ರಾಬಾರ್ ಎಲ್ಲಿದೆ ಅಂತ ನೋಡ್ತಾ ಇರ್ತವೆ. ಎರಡು ಸಾಕಲ್ಲ ಅಂತ ನಿಮಗೆ ಅನ್ನಿಸಬಹುದು: ಹಿಡಿದಿದೆ, ಬಿಟ್ಟಿದೆ. ಆದ್ರೆ ಮೂರನೆಯದೊಂದು ಸ್ಥಿತಿ ಇದೆ. ಟೂಲೇ ಇಲ್ಲದೆ ಎಳೆದ್ರೆ ಸರಳು ಇನ್ನೂ ಒಂದಷ್ಟು ಮೇಲಕ್ಕೆ ಹೋಗುತ್ತೆ. ಕೈಯಲ್ಲಿ ಏನೂ ಇಲ್ಲದೆ ಮುಷ್ಟಿ ಬಿಗಿ ಹಿಡಿದ ಹಾಗೆ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ. ಸ್ಪ್ಯಾನರ್ ಹಿಡಿದ ಕೈಗೆ ಇದು ತಾನಾಗಿ ತಿಳಿಯುತ್ತೆ, ಮಷೀನಿಗೆ ಹೇಳಿಕೊಡಬೇಕು.

ಮೂರನೆಯದು ಕೋಡ್. ಲಿನಕ್ಸ್‌ಸಿಎನ್‌ಸಿ ಎಂಬ ಮುಕ್ತ ತಂತ್ರಾಂಶದಲ್ಲಿ ಎಂ6 ಅಂದ್ರೆ ಟೂಲ್ ಬದಲಿಸು ಅನ್ನೋ ಆಜ್ಞೆ. ಅದರ ಹಿಂದೆ ಏನೇನು ನಡೀಬೇಕು ಅಂತ ನಾವೇ ಬರೀಬಹುದು. ಪ್ರತಿ ಹೆಜ್ಜೆ ಆದ ಮೇಲೆ ಎಂ66 ಇಂದ ಸೆನ್ಸರನ್ನು ಕೇಳ್ತೀನಿ. ಎರಡು ಸೆಕೆಂಡಿನಲ್ಲಿ ಉತ್ತರ ಬರಲಿಲ್ಲವೋ, ಅಲ್ಲೇ ನಿಲ್ಲು. ಆಫೀಸಿನಲ್ಲಿ ಸರ್ವರ್ ಉತ್ತರ ಕೊಡದಿದ್ರೆ ಇನ್ನೊಮ್ಮೆ ಕೇಳು, ಮತ್ತೊಮ್ಮೆ ಕೇಳು ಅಂತ ಬರೀತೀವಿ. ಇಲ್ಲಿ ಹಾಗೆ ಬರೆದ್ರೆ ಅರ್ಧ ಹಿಡಿದ ಕಟ್ಟರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋಕೆ ಶುರುವಾಗುತ್ತೆ. ಒಟ್ಟು ಇನ್ನೂರು ಸಾಲಿನ ಕೋಡ್. ಅದರಲ್ಲಿ ಟೂಲ್ ಬದಲಿಸೋದಕ್ಕೆ ಬೇಕಾಗಿದ್ದು ನಲವತ್ತು. ಮಿಕ್ಕಿದ್ದೆಲ್ಲ ‘ನಿಜವಾಗ್ಲೂ ಬದಲಾಯ್ತಾ?’ ಅಂತ ಕೇಳೋದು.

ಕರೆಂಟ್ ಹೋಗಿ ಬಂದ ಮೇಲೆ ಎಂಟು ಟೂಲಿನ ಚಕ್ರ ಎಲ್ಲಿ ನಿಂತಿತ್ತು ಅಂತ ಫೈಲಿನಲ್ಲಿ ಬರೆದಿಟ್ಟದ್ದನ್ನು ಮಷೀನ್ ನಂಬಲ್ಲ. ಅಷ್ಟರಲ್ಲಿ ಯಾರಾದ್ರೂ ಕೈಯಲ್ಲಿ ತಿರುಗಿಸಿರಬಹುದು. ಹಸಿರು ಗುಂಡಿ ಒತ್ತಿದ ಮೇಲೆ ಚಕ್ರ ಮೊದಲು ತನ್ನ ಶುರುವಿನ ಜಾಗ ಹುಡುಕಿಕೊಳ್ಳಬೇಕು, ಆಮೇಲೆ ಮಿಕ್ಕಿದ್ದು.

ಸಂಕ್ರಾಂತಿ ಕಳೆದು ಅಪ್ಪ ಮತ್ತೆ ಬಂದ್ರು. ಟೂಲ್ ಬದಲಾಗ್ತಾ ಇರೋವಾಗ್ಲೇ ಗೋಡೆ ಮೇಲಿನ ಮೇನ್ ಸ್ವಿಚ್ ಆರಿಸಿದ್ರು. ಸ್ಪ್ರಿಂಗ್ ಟಪ್ ಅಂತ ಹಿಡೀತು. ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರು. ಕೆಂಪು ದೀಪ ಹತ್ತಿತು, ಇನ್ನೇನೂ ಅಲ್ಲಾಡಲಿಲ್ಲ. ಇನ್ನೊಂದು ಸಲ ಆರಿಸಿ ಹಾಕಿದ್ರು. “ಸರಿ, ನಡಿ ಉಣ್ಣುವ” ಅಂದ್ರು.

ನನ್ನ ಎಟಿಸಿ ಒಂದು ಟೂಲ್ ಬದಲಿಸೋಕೆ ಹದಿನೆಂಟು ಸೆಕೆಂಡ್ ತಗೊಳ್ಳುತ್ತೆ. ಪೀಣ್ಯದವರು ನೋಡಿದ್ರೆ ನಗ್ತಾರೆ. ಅದರಲ್ಲಿ ಅರ್ಧಕ್ಕರ್ಧ ಬರೀ ಕೇಳಿ ಕೇಳಿ ಖಾತ್ರಿ ಮಾಡಿಕೊಳ್ಳೋ ಸಮಯ. ಅದನ್ನು ಕಮ್ಮಿ ಮಾಡೋ ಯೋಚನೆ ನನಗಿಲ್ಲ. ನೀವೂ ಮನೆಯಲ್ಲಿ ಇಂಥದ್ದು ಮಾಡೋಕೆ ಹೊರಟಿದ್ರೆ, ಸಿಲಿಂಡರ್ ಕೊಳ್ಳೋಕೆ ಮುಂಚೆ ಸೆನ್ಸರ್ ಎಲ್ಲೆಲ್ಲಿ ಕೂರುತ್ತೆ ಅಂತ ಚಿತ್ರ ಬರ್ಕೊಳ್ಳಿ. ಆಮೇಲೆ ಮನೆಯ ಹಿರಿಯರಿಗೊಮ್ಮೆ ತೋರಿಸಿ.