ಶ್ರವಣಯಂತ್ರ ಕಲಿಸಿದ ವಚನಾರ್ಥ



ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಕೂಡಲಸಂಗಮದೇವನ ಮುಂದೆ ಮೂರು ವಿಚಿತ್ರವಾದ ಬೇಡಿಕೆಗಳನ್ನಿಡುತ್ತಾರೆ. ದಾರಿ ಬಿಟ್ಟು ಅಲೆಯುವ ಕಾಲು ತಮಗೆ ಬೇಡವೆನ್ನುತ್ತಾರೆ. ಕಂಡಕಂಡಲ್ಲಿ ಹರಿಯುವ ಕಣ್ಣು ಬೇಡವೆನ್ನುತ್ತಾರೆ. ಕೇಳಬಾರದುದನ್ನು ಕೇಳುವ ಕಿವಿಯೂ ಬೇಡವೆನ್ನುತ್ತಾರೆ. ಕೊನೆಯಲ್ಲಿ ಶರಣರ ಪಾದವೊಂದರ ಕಡೆಗೇ ತಮ್ಮ ಮನಸ್ಸನ್ನು ನಿಲ್ಲಿಸೆಂದು ಪ್ರಾರ್ಥಿಸುತ್ತಾರೆ. ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುವ ಈ ವಚನವನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಅದರ ಮೂರನೆಯ ಬೇಡಿಕೆಯನ್ನು ನಾನು ತಪ್ಪಾಗಿ ತಿಳಿದಿದ್ದೆನೆಂಬುದನ್ನು ನಿವೇದಿಸಿಕೊಳ್ಳುವುದು ಈ ಬರಹದ ಉದ್ದೇಶ.

ಎರಡು ವರ್ಷಗಳ ಹಿಂದೆ ಕೋಗಿಲಿನ ನಮ್ಮ ಮಠದ ಸೋಮವಾರದ ಗೋಷ್ಠಿಯಲ್ಲಿ ಈ ವಚನವನ್ನು ಕುರಿತು ಮಾತನಾಡುವ ಸರದಿ ನನ್ನದಾಗಿತ್ತು. ಕನ್ನಡ ಎಂ.ಎ. ಓದಿದವನ ಉತ್ಸಾಹದಿಂದ ಸಿದ್ಧನಾಗಿ ಹೋಗಿದ್ದೆ. ಶರಣರ ದೃಷ್ಟಿಯಲ್ಲಿ ಕಿವುಡೆಂಬುದು ಕೊರತೆಯಲ್ಲ, ವರ. ಹೊರಗಿನ ಸದ್ದು ಅಡಗಿದವನಿಗೆ ಒಳಗಿನ ನಾದ ಕೇಳುತ್ತದೆ. ಕಿವುಡನ ಲೋಕ ಮೌನದ ಲೋಕ, ಮೌನವೇ ಅನುಭಾವದ ಬಾಗಿಲು ಎಂದೆಲ್ಲ ವಿವರಿಸಿದೆ. ಸಭಿಕರು ತಲೆದೂಗಿದರು. ಪೂಜ್ಯರೂ ಮುಗುಳ್ನಕ್ಕರು.

ಅಂದು ಸಭೆಯಲ್ಲಿ ನಿಜವಾಗಿ ಕಿವಿ ಕೇಳದವರೊಬ್ಬರು ಕುಳಿತಿದ್ದರು. ಅವರು ನನ್ನ ತಂದೆ.

ಮನೆಗೆ ನಡೆದು ಬರುವಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಗೇಟಿನ ಬಳಿ ನಿಂತು, ‘ಚೆನ್ನಾಗಿ ಹೇಳಿದೆ ಅಂತ ಪಕ್ಕದವರೆಲ್ಲ ಅಂದ್ರು ಕಣಪ್ಪಾ. ಆದ್ರೆ ಕಿವುಡು ಅಂದ್ರೆ ಸದ್ದೇ ಇಲ್ಲದಿರೋದು ಅಂತ ನಿನಗೆ ಯಾರು ಹೇಳಿದ್ರು? ನನ್ನ ಕಿವಿಯಲ್ಲಿ ಇವತ್ತು ನಿನ್ನ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಕೇಳಿಸ್ತಿತ್ತು’ ಎಂದರು. ಮುಂದಿನ ಸೋಮವಾರ ಅವರು ಗೋಷ್ಠಿಗೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ.

ತಂದೆಯವರು ತಿಪಟೂರು ಸೀಮೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ತಾಯಿಯವರು ಲಿಂಗೈಕ್ಯರಾದ ಮೇಲೆ ನಮ್ಮೊಡನೆ ಬಂದು ನೆಲೆಸಿದರು. ಅಷ್ಟರಲ್ಲಾಗಲೇ ಕಿವಿ ಮಂದವಾಗಿತ್ತು. ಕಿವಿಯ ಹಿಂದೆ ಕೂರಿಸುವ ಎರಡು ಶ್ರವಣಯಂತ್ರಗಳನ್ನು ಕೊಡಿಸಿದೆವು. ಅವರ ಬಾಯಲ್ಲಿ ಅದು ‘ಕಿವಿ ಮಿಷನ್ನು’. ಯಂತ್ರ ಬಂದ ತಿಂಗಳಿನಿಂದಲೇ ದೂರು ಶುರುವಾಯಿತು: ಗುಂಯ್ ಎನ್ನುತ್ತದೆ, ಟರ್ರ್ ಟರ್ರ್ ಎನ್ನುತ್ತದೆ, ಕರೆಂಟು ಹೋದರೆ ಜೀರುಂಡೆ ಹೊಕ್ಕಂತಾಗುತ್ತದೆ. ನಾನು ಪ್ರತಿಸಲವೂ ಒಂದೊಂದು ಸಮಾಧಾನ ಹೇಳಿದೆ. ಯಲಹಂಕದ ವಾಯುನೆಲೆಯ ವಿಮಾನವಿರಬೇಕು ಎಂದೆ. ಬಳ್ಳಾರಿ ರಸ್ತೆಯ ಲಾರಿಗಳಿರಬೇಕು ಎಂದೆ. ಕೊನೆಗೆ, ವಯಸ್ಸಾದ ಮೇಲೆ ಕಿವಿಯಲ್ಲಿ ಹೀಗೆಲ್ಲ ಆಗುವುದುಂಟು ಎಂದುಬಿಟ್ಟೆ. ಆ ಮಾತು ಹೇಳಿದ ದಿನದಿಂದ ಅವರು ದೂರು ಹೇಳುವುದನ್ನು ನಿಲ್ಲಿಸಿದರು. ದೂರು ನಿಂತುದನ್ನು ಕಂಡು ತೊಂದರೆಯೂ ನಿಂತಿತೆಂದುಕೊಂಡೆ.

ಇದೇ ಹೊತ್ತಿನಲ್ಲಿ ಮಠದಲ್ಲಿ ಇನ್ನೊಂದು ವಿಚಾರ ಹಬ್ಬಿತ್ತು. ಪಕ್ಕದಲ್ಲಿ ಕುಳಿತವರ ಮೊಬೈಲು ಮೊಳಗುವ ಮೊದಲೇ ತಂದೆಯವರು ‘ಸ್ವಾಮಿ, ನಿಮಗೆ ಫೋನು ಬರುತ್ತೆ ನೋಡಿ’ ಎನ್ನುತ್ತಿದ್ದರಂತೆ. ಹೇಳಿ ಮುಗಿಸುವಷ್ಟರಲ್ಲಿ ಅದು ಮೊಳಗುತ್ತಿತ್ತಂತೆ. ಇದೇನೋ ಸಿದ್ಧಿಯಿರಬೇಕೆಂದು ಒಬ್ಬಿಬ್ಬರು ಹಿರಿಯರು ಪಿಸುಗುಟ್ಟಿದರು. ಪವಾಡಗಳನ್ನು ಶರಣರು ಎಲ್ಲಿಟ್ಟಿದ್ದರೆಂದು ಬಲ್ಲ ನಾನು ನಕ್ಕು ಸುಮ್ಮನಾದೆ. ನಗುವ ಬದಲು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಮೂರನೆಯ ಸೋಮವಾರವೂ ಅವರು ಬಾರದಿದ್ದಾಗ, ಮರುದಿನ ಅವರನ್ನು ಶ್ರವಣತಜ್ಞೆಯೊಬ್ಬರ ಬಳಿ ಕರೆದೊಯ್ದೆ. ಅವರು ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದವರು. ತಂದೆಯವರ ಮಾತನ್ನು ತಡೆಯದೆ ಪೂರ್ತಿ ಕೇಳಿದರು. ಅನಂತರ ತಮ್ಮ ಸಹಾಯಕರ ಹಳೆಯ ಕೀಪ್ಯಾಡ್ ಮೊಬೈಲನ್ನು ತಂದೆಯವರ ಕಿವಿಯ ಹತ್ತಿರ ಹಿಡಿದು, ಅದಕ್ಕೆ ತಮ್ಮ ಫೋನಿನಿಂದ ಕರೆ ಮಾಡಿದರು. ಅದು ಮೊಳಗುವ ಒಂದೆರಡು ಕ್ಷಣ ಮೊದಲು ತಂದೆಯವರು ‘ಹ್ಞಾಂ, ಇದೇ! ಇದೇ ಸದ್ದು!’ ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ಆರು ತಿಂಗಳಲ್ಲಿ ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ. ರೋಗ ವಾಸಿಯಾದ ಸಂತೋಷ ಅದಲ್ಲ. ತಮ್ಮ ಮಾತು ನಿಜವಾಯಿತೆಂಬ ಸಂತೋಷ.

ಆ ತಾಯಿ ವಿವರಿಸಿದ್ದನ್ನು, ಅನಂತರ ನಾನು ಓದಿ ತಿಳಿದದ್ದನ್ನು ಇಲ್ಲಿ ಸಂಗ್ರಹಿಸುತ್ತೇನೆ. ನಮ್ಮ ಮಠದ ಭಕ್ತರಲ್ಲಿ ಶ್ರವಣಯಂತ್ರ ಧರಿಸುವವರು ಹಲವರಿರುವುದರಿಂದ ಇದು ಉಪಯೋಗಕ್ಕೆ ಬರಬಹುದು.

ಭಾರತದಲ್ಲಿ ಮೊಬೈಲು ಸೇವೆ ಆರಂಭವಾದದ್ದು 1995ರಲ್ಲಿ. ಅಂದು ಬಂದ, ಇಂದಿಗೂ ಕೀಪ್ಯಾಡ್ ಫೋನುಗಳಲ್ಲಿ ನಡೆಯುತ್ತಿರುವ ಜಿಎಸ್‌ಎಂ ಪದ್ಧತಿಯಲ್ಲಿ ಫೋನು ತನ್ನ ಗೋಪುರದೊಡನೆ ಎಡೆಬಿಡದೆ ಮಾತಾಡುವುದಿಲ್ಲ. ಒಂದೇ ತರಂಗದಲ್ಲಿ ಎಂಟು ಪಾಲುಗಳಿದ್ದು, ಪ್ರತಿಯೊಂದು ಫೋನೂ ತನ್ನ ಪಾಲು ಬಂದಾಗ ಮಾತ್ರ ಒಂದು ಕಿರುಮಿಡಿತವನ್ನು ಕಳುಹಿಸಿ ಸುಮ್ಮನಾಗುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 217 ಮಿಡಿತಗಳು. ಆ ರೇಡಿಯೊ ತರಂಗ ಯಾವ ಕಿವಿಗೂ ಕೇಳುವಂಥದ್ದಲ್ಲ. ಆದರೆ ಶ್ರವಣಯಂತ್ರದೊಳಗಿನ ಸಣ್ಣ ತಂತಿಗಳು ಆಂಟೆನಾದಂತೆ ಅದನ್ನು ಹಿಡಿಯುತ್ತವೆ. ಒಳಗಿನ ವರ್ಧಕವು ತರಂಗವನ್ನು ಬಿಟ್ಟು ಮಿಡಿತವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಸೆಕೆಂಡಿಗೆ 217 ಸಲದ ಮಿಡಿತ ಕಿವಿಗೆ ಚೆನ್ನಾಗಿ ಕೇಳುವ ಸದ್ದು. ಅದೇ ಆ ‘ಟರ್ರ್’. ಕರೆ ಬರುವಾಗ ಫೋನು ಮೊದಲು ಗೋಪುರಕ್ಕೆ ಓಗೊಟ್ಟು ಆಮೇಲೆ ಮೊಳಗುತ್ತದೆ. ಆ ಓಗೊಡುವಿಕೆಯೇ ತಂದೆಯವರಿಗೆ ಮುಂಚಿತವಾಗಿ ಕೇಳುತ್ತಿತ್ತು. ಸಿದ್ಧಿಯ ರಹಸ್ಯ ಇಷ್ಟೇ!

ಇನ್ನು ಆ ‘ಗುಂಯ್’. ಅನೇಕ ಶ್ರವಣಯಂತ್ರಗಳಲ್ಲಿ ಮೈಕಿನ ಜೊತೆಗೆ ಟೆಲಿಕಾಯಿಲ್ ಎಂಬ ಪುಟ್ಟ ತಂತಿಯ ಸುರುಳಿಯಿರುತ್ತದೆ. ಅದು ಗಾಳಿಯಲ್ಲಿ ಬರುವ ಸದ್ದನ್ನು ಕೇಳುವುದಿಲ್ಲ, ಕಾಂತಕ್ಷೇತ್ರದ ಏರಿಳಿತವನ್ನು ಹಿಡಿಯುತ್ತದೆ. ಟೆಲಿಫೋನಿನ ರಿಸೀವರಿನಲ್ಲಿರುವ ಕಾಂತದಿಂದ ಮಾತನ್ನು ನೇರವಾಗಿ ಪಡೆಯಲೆಂದು ಅದನ್ನು ಇಟ್ಟಿರುವುದು. ಹಳೆಯ ಯಂತ್ರಗಳಲ್ಲಿ ಮೈಕಿಗೆ ‘ಎಂ’, ಟೆಲಿಫೋನಿಗೆ ‘ಟಿ’ ಎಂಬ ಗುರುತಿನ ಸ್ವಿಚ್ಚಿರುತ್ತಿತ್ತು. ತಂದೆಯವರ ಹೊಸ ಯಂತ್ರದಲ್ಲಿ ಒಂದು ಗುಂಡಿಯಿದೆ. ಒಮ್ಮೆ ಒತ್ತಿದರೆ ಮೈಕು, ಮತ್ತೊಮ್ಮೆ ಒತ್ತಿದರೆ ಮೈಕು ಮತ್ತು ಸುರುಳಿ ಎರಡೂ. ತಲೆಯ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಳ್ಳುವಾಗಲೆಲ್ಲ ಬೆರಳು ತಗುಲಿ ಆ ಗುಂಡಿ ಒತ್ತಿಹೋಗುತ್ತಿತ್ತು. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಹಳೆಯ ತಾಮ್ರದ ಚೋಕಿನ ಟ್ಯೂಬ್‌ಲೈಟು, ಇನ್ವರ್ಟರು, ಟ್ರಾನ್ಸ್‌ಫಾರ್ಮರು ಇವುಗಳ ಸುತ್ತಲಿನ ಕಾಂತಕ್ಷೇತ್ರವೆಲ್ಲ ಆ ಸುರುಳಿಗೆ ಗದ್ದಲವೇ. ಮಠದ ಸಭಾಂಗಣದಲ್ಲಿ ತಂದೆಯವರು ನಿತ್ಯವೂ ಒರಗುತ್ತಿದ್ದ ಗೋಡೆಯ ಆಚೆಬದಿಯಲ್ಲಿ ಇನ್ವರ್ಟರು. ತಲೆಯ ಮೇಲೆ ಹಳೆಯ ಟ್ಯೂಬ್‌ಲೈಟು. ಅಕ್ಕಪಕ್ಕದಲ್ಲಿ ಹಿರಿಯರ ಜೇಬಿನ ಕೀಪ್ಯಾಡ್ ಫೋನುಗಳು. ಇವುಗಳ ನಡುವೆ ನನ್ನ ಉಪನ್ಯಾಸ: ಕಿವುಡನ ಲೋಕ ಮೌನದ ಲೋಕ!

ಈ ತೊಂದರೆ ಅವರೊಬ್ಬರದಲ್ಲ. 1990ರ ದಶಕದಲ್ಲಿ ಯೂರೋಪು, ಆಸ್ಟ್ರೇಲಿಯಾಗಳಲ್ಲಿ ಈ ಬಗೆಯ ಫೋನು ಬಂದಾಗಲೇ ಶ್ರವಣಯಂತ್ರ ಧರಿಸಿದವರು ಇದನ್ನು ಹೇಳಿದ್ದರು. ಅವರ ಮಾತನ್ನು ಪರೀಕ್ಷಿಸಿ ನೋಡಿದುದರಿಂದಲೇ ಯಂತ್ರಗಳು ಇಂಥ ತರಂಗಗಳನ್ನು ಎಷ್ಟು ತಡೆಯಬೇಕೆಂಬ ಅಂತರರಾಷ್ಟ್ರೀಯ ಮಾನಕ ರೂಪುಗೊಂಡಿತು. ಅಮೆರಿಕದ ಸಂಪರ್ಕ ಆಯೋಗವು 2003ರಲ್ಲಿ ಮೊಬೈಲು ತಯಾರಕರೂ ಶ್ರವಣಯಂತ್ರಕ್ಕೆ ಹೊಂದುವ ಫೋನುಗಳನ್ನು ಒದಗಿಸಬೇಕೆಂದು ನಿಯಮ ಮಾಡಿತು. ಹಾಗಾಗಿ ಇಂದಿನ ಯಂತ್ರಗಳೂ ಹೊಸ ಫೋನುಗಳೂ ಹಿಂದಿಗಿಂತ ಎಷ್ಟೋ ವಾಸಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಠದಲ್ಲಿ ನನ್ನ ಕೆಲಸ ಪಾಠಗಳನ್ನು ಹೋಲಿಸುವುದು. ಓಲೆಪ್ರತಿಯ ಒಂದು ಸಾಲು ಅರ್ಥವಾಗದಿದ್ದರೆ ವಚನಕಾರರನ್ನು ದೂರುವುದಿಲ್ಲ. ಲಿಪಿಕಾರನ ಕೈತಪ್ಪೋ, ಹುಳು ತಿಂದ ಜಾಗವೋ, ನಡುವೆ ಸೇರಿದ ಮಾತೋ ಎಂದು ನಾಲ್ಕು ಪ್ರತಿಗಳನ್ನು ಮುಂದಿಟ್ಟುಕೊಂಡು ನೋಡುತ್ತೇನೆ. ಎಂಟುನೂರು ವರ್ಷಗಳ ಹಿಂದಿನ ಮಾತಿಗೆ ಇಷ್ಟು ಗೌರವ ಕೊಡುವ ನಾನು, ಒಂದೇ ಸೂರಿನಡಿ ಇರುವ ತಂದೆಯ ಮಾತನ್ನು ಒಂದು ಸಲವೂ ಪರೀಕ್ಷಿಸಲಿಲ್ಲ. ಯಂತ್ರಕ್ಕೆ ಬೇಡದ ಸದ್ದನ್ನು ಬಿಡುವ ಶಕ್ತಿಯಿರಲಿಲ್ಲ. ನನಗೆ ಬೇಕಾದ ಮಾತನ್ನು ಕೇಳುವ ಮನಸ್ಸಿರಲಿಲ್ಲ. ಇಬ್ಬರಲ್ಲಿ ಕಿವುಡ ಯಾರು?

ಷಟ್‌ಸ್ಥಲ ಸಿದ್ಧಾಂತವು ಕಿವಿಗೆ ಪ್ರಸಾದಲಿಂಗವನ್ನು ಹೇಳುತ್ತದೆ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಕಿವಿಗೆ ಬಿದ್ದ ಶಬ್ದ ಮೊದಲು ಬರಿಯ ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದ. ಕಲ್ಲು ಹೊಟ್ಟುಗಳಿರುವ ಅಕ್ಕಿಯನ್ನು ಯಾರೂ ಹಾಗೆಯೇ ಎಡೆಗೆ ಬೇಯಿಸುವುದಿಲ್ಲ. ಮೊರದಲ್ಲಿ ಕೇರಿ, ಆರಿಸಿ, ತೊಳೆದು ಬೇಯಿಸುತ್ತಾರೆ. ಶಬ್ದಕ್ಕೂ ಅಂಥ ಒಂದು ಮೊರ ಬೇಕು. ಆರೋಗ್ಯವಾದ ಕಿವಿಯ ಹಿಂದೆ ಆ ಮೊರವನ್ನು ಮನಸ್ಸು ಹಿಡಿದಿರುತ್ತದೆ. ನೂರು ಸದ್ದುಗಳ ನಡುವೆಯೂ ಮಗುವಿನ ಅಳು ತಾಯಿಗೆ ಕೇಳುತ್ತದೆ. ಯಂತ್ರವಾದರೋ ಹಿಡಿದುದನ್ನೆಲ್ಲ ಒಂದೇ ಭಕ್ತಿಯಿಂದ ದೊಡ್ಡದು ಮಾಡುತ್ತದೆ.

ಹೀಗೆ ನೋಡಿದಾಗ ಬಸವಣ್ಣನವರ ಮೂರನೆಯ ಬೇಡಿಕೆ ಬೇರೆಯಾಗಿ ಕಾಣುತ್ತದೆ. ಅವರು ಬೇಡಿದ್ದು ನಿಶ್ಶಬ್ದವನ್ನಲ್ಲ. ಅನುಭವ ಮಂಟಪದಲ್ಲಿ ದಿನವೂ ನೂರಾರು ಶರಣರ ಮಾತನ್ನು ಕೇಳುತ್ತಿದ್ದವರು ಮೌನವನ್ನೇಕೆ ಬೇಡುತ್ತಾರೆ? ಆ ಬೇಡಿಕೆಯಲ್ಲಿ ಒಂದು ಕಟ್ಟಳೆಯಿದೆ: ಶರಣರದ್ದಲ್ಲದ ಮಾತಿಗೆ ಮಾತ್ರ ಆ ಕಿವುಡು. ಶರಣರ ಮಾತಿಗೆ ಕಿವಿ ಎಂದಿಗಿಂತ ಚುರುಕಾಗಿರಬೇಕು. ಅದು ಕಿವಿ ಮುಚ್ಚುವ ಪ್ರಾರ್ಥನೆಯಲ್ಲ, ಆರಿಸಿ ಕೇಳುವ ಪ್ರಾರ್ಥನೆ. ನಾನು ಅದನ್ನು ಕಿವುಡರ ಬಾಳಿನ ಹೊಗಳಿಕೆಯೆಂದು ಹೇಳಿ, ಕಿವುಡೆಂದರೇನೆಂದು ಬಲ್ಲವರಿಗೆ ನೋವುಂಟುಮಾಡಿದೆ.

ನಡೆದುದೆಲ್ಲವನ್ನೂ ಪೂಜ್ಯರಲ್ಲಿ ನಿವೇದಿಸಿದೆ. ‘ಮೇಷ್ಟರನ್ನೇ ಕರೆದುಕೊಂಡು ಬಾ, ಅವರೇ ಹೇಳಲಿ’ ಎಂದರು. ತಂದೆಯವರು ಬಂದು, ‘ಬುದ್ಧಿ, ನಾನೇ ನೋಡ್ತೀನಿ’ ಎಂದು ಗುಂಡಿಯನ್ನು ಬೇಕೆಂದೇ ಸುರುಳಿಗೆ ಒತ್ತಿಕೊಂಡು, ಸಭಾಂಗಣದಲ್ಲಿ ಕಂಬದಿಂದ ಕಂಬಕ್ಕೆ ನಡೆದರು. ಎಲ್ಲಿ ಗದ್ದಲ, ಎಲ್ಲಿ ಶಾಂತಿ ಎಂದು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿದರು. ಮೇಷ್ಟರ ಕೈಗೆ ಬಹಳ ದಿನಗಳ ಮೇಲೆ ಸೀಮೆಸುಣ್ಣ ಬಂದಿತ್ತು. ಆ ಗುರುತಿನಂತೆ ಇನ್ವರ್ಟರನ್ನು ದಾಸೋಹ ಮನೆಯ ಹಿಂಬದಿಗೆ ಸಾಗಿಸಿದೆವು. ಹಳೆಯ ಚೋಕುಗಳನ್ನು ತೆಗೆಸಿದೆವು. ಕಿವಿ ಮಂದವಾದ ಹಿರಿಯರಿಗೆ ಶಾಂತವಾದ ಕಡೆಯಲ್ಲಿ, ಮಾತಾಡುವವರ ತುಟಿ ಕಾಣುವಂತೆ ಜಾಗ ಮಾಡಿದೆವು.

ಮುಂದಿನ ಸೋಮವಾರ ಅವರು ಬಂದು ಕುಳಿತರು. ಗೋಷ್ಠಿ ಮುಗಿದ ಮೇಲೆ ಹೇಗಾಯಿತೆಂದು ಕೇಳಿದೆ. ‘ಎಲ್ಲಾ ಕೇಳಿಸ್ತು. ಎರಡನೇ ವಚನಕ್ಕೆ ನೀನು ಹೇಳಿದ ಅರ್ಥ ಸರಿ ಇಲ್ಲ’ ಎಂದರು. ಮನೆ ಸೇರುವವರೆಗೂ ಅದರ ಮೇಲೆಯೇ ವಾದ ನಡೆಯಿತು.

ಓದುಗ ಶರಣರಲ್ಲಿ ಎರಡು ವಿನಂತಿಗಳಿವೆ. ಗೋಷ್ಠಿಗೆ ಬರುವಾಗ ಮೊಬೈಲನ್ನು ಸೈಲೆಂಟ್ ಮಾಡಿದರೆ ಸಾಲದು, ಪೂರ್ತಿ ಆರಿಸಿರಿ. ಸೈಲೆಂಟ್ ಆದ ಫೋನು ನಿಮಗೆ ಮಾತ್ರ ಮೌನ. ಗೋಪುರದೊಡನೆ ಅದು ಮಾತಾಡುತ್ತಲೇ ಇರುತ್ತದೆ, ಆ ಮಾತು ಪಕ್ಕದ ಹಿರಿಯರ ಕಿವಿಯಲ್ಲಿ ಮೊಳಗುತ್ತದೆ. ಎರಡನೆಯದಾಗಿ, ಮನೆಯ ಹಿರಿಯರು ಯಂತ್ರದಲ್ಲಿ ಸದ್ದು ಬರುತ್ತದೆಂದರೆ ವಯಸ್ಸಿನ ಮೇಲೆ ಹಾಕಬೇಡಿ. ಎಲ್ಲಿ ಕುಳಿತಾಗ, ಯಾವ ದೀಪ ಹತ್ತಿದಾಗ, ಯಾರ ಫೋನು ಹತ್ತಿರವಿದ್ದಾಗ ಎಂದು ಕೇಳಿ, ಬರೆದುಕೊಂಡು ತಜ್ಞರಿಗೆ ತೋರಿಸಿರಿ. ಬಹುಪಾಲು ಒಂದು ಗುಂಡಿಯಲ್ಲೋ ಒಂದು ಗೋಡೆಯಲ್ಲೋ ಪರಿಹಾರವಿರುತ್ತದೆ.

ಇನ್ನೊಂದು ವಿಚಾರ ಪೂಜ್ಯರ ಮುಂದಿದೆ. ಬ್ರಿಟನ್ ಮೊದಲಾದ ದೇಶಗಳ ಪ್ರಾರ್ಥನಾಮಂದಿರಗಳಲ್ಲಿ ಸಭಾಂಗಣದ ಸುತ್ತ ಒಂದು ತಂತಿಯ ಬಳೆಯನ್ನು ಎಳೆದು ಮೈಕಿನ ವರ್ಧಕಕ್ಕೆ ಜೋಡಿಸಿರುತ್ತಾರೆ. ಒಳಗೆ ಕುಳಿತವರು ಯಂತ್ರವನ್ನು ‘ಟಿ’ಗೆ ಹಾಕಿಕೊಂಡರೆ ಪ್ರವಚನ ಗಾಳಿಯ ಗದ್ದಲವಿಲ್ಲದೆ ನೇರವಾಗಿ ಕಿವಿಗೆ ಬರುತ್ತದೆ. ಇಷ್ಟು ದಿನ ಇನ್ವರ್ಟರಿನ ಗದ್ದಲ ಹೊಕ್ಕ ಬಾಗಿಲಿನಿಂದಲೇ ವಚನವೂ ಹೋಗಬಹುದು. ಅಂಥದೊಂದು ಬಳೆಯನ್ನು ನಮ್ಮ ಸಭಾಂಗಣಕ್ಕೂ ಹಾಕಿಸಬೇಕೆಂದು ತಂದೆಯವರು ತಮ್ಮ ದುಂಡಾದ ಅಕ್ಷರದಲ್ಲಿ ಅರ್ಜಿ ಬರೆದುಕೊಟ್ಟಿದ್ದಾರೆ. ಖರ್ಚಿನ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಲ್ಲವರು ನೆರವಾಗಬೇಕಾಗಿ ಪ್ರಾರ್ಥನೆ.