ಅಕ್ಕನ ಕಾಗದಗಳು

ಹಳೆಯ ಕಾಗದಗಳನ್ನು ನೀವು ಎಲ್ಲಿಡುತ್ತೀರಿ? ನಮ್ಮ ಅಮ್ಮನ ಕಾಲದಲ್ಲಿ ಬಾಗಿಲ ಪಕ್ಕ ಒಂದು ಕೊಕ್ಕೆತಂತಿ ತೂಗಾಡುತ್ತಿತ್ತು. ನೀಲಿ ಇನ್‌ಲ್ಯಾಂಡು, ಹಳದಿ ಕಾರ್ಡು, ಹಾಲಿನವಳ ಲೆಕ್ಕದ ಚೀಟಿ ಎಲ್ಲವನ್ನೂ ಅದಕ್ಕೇ ಚುಚ್ಚುತ್ತಿದ್ದರು. ಜಿರಳೆ ತಿಂದದ್ದು ಬಿಟ್ಟರೆ ಮಿಕ್ಕದ್ದೆಲ್ಲ ಭದ್ರ. ಕಂಪ್ಯೂಟರ್ ಕಲಿತ ನಾವು ಇ-ಮೇಲ್ ಫೋಲ್ಡರಿನಲ್ಲಿ ಕಾಗದ ಇಟ್ಟು ನಿಶ್ಚಿಂತರಾಗಿದ್ದೇವೆ. ಆ ಫೋಲ್ಡರು ಒಂದು ದಿನ ಬರಿದಾದರೆ? ನನಗೆ ಹಾಗೇ ಆಯಿತು, ಸೋದರಿಯರೇ. ಕಾಗದಗಳು ಮರಳಿ ಸಿಕ್ಕವೂ ಸಿಕ್ಕವು. ಹೇಗೆ ಅಂತ ನಿಮಗೂ ಗೊತ್ತಿರಲಿ.

ನನ್ನ ಅಕ್ಕ 2007ರಲ್ಲಿ ಮಗನ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋದಳು. 2018ರಲ್ಲಿ ತೀರಿಕೊಳ್ಳುವವರೆಗೂ ವಾರಕ್ಕೊಂದು ಕಾಗದ ತಪ್ಪಿಸಲಿಲ್ಲ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಳು. ಅಲ್ಲಿಯ ಮೆಕ್ಸಿಕನ್ನರ ಅಂಗಡಿಯಲ್ಲಿ ನಮ್ಮ ಸೀಮೆಬದನೆಕಾಯಿ ಸಿಕ್ಕ ದಿನ ಅವಳ ಸಂಭ್ರಮ ನೋಡಬೇಕಿತ್ತು! (ಅದರ ತವರೇ ಆ ಕಡೆ. ನಾವು ಸುಮ್ಮನೆ ‘ಸೀಮೆ’ ಅಂತ ಸೇರಿಸಿಲ್ಲ.) ಸಾರಿನ ಪುಡಿಯ ಪಾವಿನ ಲೆಕ್ಕವನ್ನು ಅಲ್ಲಿಯ ಕಪ್ಪಿನ ಲೆಕ್ಕಕ್ಕೆ ತಂದದ್ದು, ಹಿಮ ಬೀಳುವಾಗ ಓವನ್ನಿನ ದೀಪ ಮಾತ್ರ ಹಾಕಿ ಇಡ್ಲಿ ಹಿಟ್ಟನ್ನು ಒಳಗಿಟ್ಟು ಹುದುಗು ಬರಿಸಿದ್ದು, ಎಲ್ಲ ಆ ಕಾಗದಗಳಲ್ಲಿದೆ. ಅಡಿಗೆ ಮಾತ್ರವೇ ಅಲ್ಲ. ಅಕ್ಕತಂಗಿಯರ ಮಧ್ಯೆ ಏನೇನು ಮಾತಿರುತ್ತದೆ ಅಂತ ನಿಮಗೆ ನಾನು ಹೇಳಬೇಕೆ?

ಇ-ಮೇಲು ಕಂಪನಿಯವರ ಹತ್ತಿರವೇ ಇರುತ್ತದಲ್ಲ ಎಂದು ನೀವು ಕೇಳಬಹುದು. ನಮ್ಮದು ‘ಪಾಪ್’ ಎಂಬ ಹಳೆಯ ಕ್ರಮ. ಅಂಚೆಕಚೇರಿಯ ಪೆಟ್ಟಿಗೆಯಿಂದ ಟಪಾಲು ಮನೆಗೆ ತಂದ ಹಾಗೆ, ಇಳಿಸಿಕೊಂಡ ಮೇಲೆ ಅಲ್ಲಿ ಉಳಿಯದಂತೆ ಅಳವಡಿಸಿತ್ತು. ‘ಐಮ್ಯಾಪ್’ ಎಂಬ ಇನ್ನೊಂದು ಕ್ರಮದಲ್ಲಿ ಅಲ್ಲೂ ಉಳಿಯುತ್ತದೆ, ನಿಜ. ಆದರೆ ಅದರಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ ನಮ್ಮ ಥಂಡರ್‌ಬರ್ಡ್ ಫೋಲ್ಡರುಗಳನ್ನು ಅಡಕ ಮಾಡುತ್ತಿತ್ತು. ಇದು 2004ರಿಂದ ಇರುವ, ದುಡ್ಡು ಕೊಡಬೇಕಿಲ್ಲದ ಮೇಲ್ ಪ್ರೋಗ್ರಾಮು. ನಾವು ಅಳಿಸಿದ ಮೇಲು ಕೂಡಲೇ ಹೋಗುವುದಿಲ್ಲ, ಗುರುತು ಮಾತ್ರ ಬೀಳುತ್ತದೆ. ಅಡಕ ಮಾಡುವಾಗಲೇ ಜಾಗ ಖಾಲಿಯಾಗುವುದು. ಸರಿಯಾಗಿ ಆಗಲೇ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿಯೂ ಕೈಕೊಟ್ಟಿತು. ಬೆಳಿಗ್ಗೆ ನೋಡಿದರೆ ‘ಅಕ್ಕ’ ಎಂಬ ಹೆಸರಿದೆ, ಒಳಗೆ ಒಂದೇ ಒಂದು ಕಾಗದವಿಲ್ಲ. ನನಗೆ ಅವಳು ಎರಡನೆಯ ಸಲ ಹೋದಂತಾಯಿತು.

ಅಕ್ಕನ ಮಗನಿಗೆ ಫೋನು ಮಾಡಿದೆ. ಅಲ್ಲಿ ಶನಿವಾರ ರಾತ್ರಿ ಹತ್ತೂವರೆ. ಮೊದಲು ಅವನು ಫೋಲ್ಡರಿನ ‘ಪ್ರಾಪರ್ಟೀಸ್’ ತೆಗೆಸಿ ‘ರಿಪೇರ್ ಫೋಲ್ಡರ್’ ಒತ್ತಿಸಿದ. ಸೂಚಿ ಮಾತ್ರ ಕೆಟ್ಟಿದ್ದರೆ ಅಷ್ಟಕ್ಕೇ ಸರಿಹೋಗುತ್ತದೆ. ಆಗಲಿಲ್ಲ. “ಬ್ಯಾಕಪ್ ಇದೆಯಾ ಚಿಕ್ಕಮ್ಮ?” ಅಂದ. ನಮ್ಮವರು ಪ್ರತಿ ಭಾನುವಾರ ಹೊರಗಿನ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡುವವರು. ಆಗಲೇ ಡಿಸ್ಕನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

“ಅಯ್ಯೋ, ಅದನ್ನ ಈಗ ಚುಚ್ಚಬೇಡ ಅಂತ ಚಿಕ್ಕಪ್ಪಂಗೆ ಹೇಳು!” ಎಂದು ಅವನು ಕೂಗಿದ್ದು ಅವರಿಗೇ ಕೇಳಿಸಿತು.

ಯಾಕೆಂದರೆ ನಮ್ಮ ಬ್ಯಾಕಪ್ಪು ಪಡಿಯಚ್ಚು. ಚುಚ್ಚಿದೊಡನೆ ತಾನೇ ಶುರುವಾಗಿ, ಇಲ್ಲಿ ಹೇಗಿದೆಯೋ ಅಲ್ಲೂ ಹಾಗೇ ಮಾಡುತ್ತದೆ. ಇಲ್ಲಿ ಬರಿದಾದದ್ದು ಅಲ್ಲೂ ಬರಿದಾಗುತ್ತಿತ್ತು! ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಇಷ್ಟೊಂದು ನೆನಪಿಡಿ. ಏನಾದರೂ ಕಳೆದುಹೋದರೆ ಮೊದಲು ಆ ಪ್ರೋಗ್ರಾಮನ್ನು ನಿಲ್ಲಿಸಿ, ಆಮೇಲೆ ಡಿಸ್ಕು ಮುಟ್ಟಿ. ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುವ ಬ್ಯಾಕಪ್ಪುಗಳಿವೆ, ಈಗ ನಾವು ಅದಕ್ಕೆ ಬದಲಾಯಿಸಿದ್ದೇವೆ.

ಮುಂದಿನದು ನಾನೆಣಿಸಿದಷ್ಟು ಕಷ್ಟವಿರಲಿಲ್ಲ. ‘ಹೆಲ್ಪ್’ ಪಟ್ಟಿಯಲ್ಲಿ ‘ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್’ ಒತ್ತಿದರೆ, ಪ್ರೊಫೈಲ್ ಫೋಲ್ಡರ್ ತೆರೆಯುವ ಗುಂಡಿ ಇದೆ. ಅದರೊಳಗೆ ‘ಮೇಲ್’. ಒಂದೊಂದು ಫೋಲ್ಡರಿಗೂ ಅಲ್ಲಿ ಎರಡೆರಡು ಫೈಲು. ಹೆಸರಿನ ಕೊನೆಗೆ ‘ಎಂಎಸ್‌ಎಫ್’ ಎಂದಿರುವುದು ಬರೀ ಸೂಚಿ. ಬಾಲವಿಲ್ಲದ ಬೋಳು ಹೆಸರಿನದೇ ನಿಜವಾದ ಗಂಟು, ಕಾಗದಗಳೆಲ್ಲ ಒಂದರ ಹಿಂದೊಂದು ಅದರಲ್ಲೇ. ನಮ್ಮದರ ತೂಕ ಸೊನ್ನೆ! ಬ್ಯಾಕಪ್ ಪ್ರೋಗ್ರಾಮನ್ನು ನಿಲ್ಲಿಸಿ ಡಿಸ್ಕಿನಲ್ಲಿ ನೋಡಿದರೆ 380 ಎಂಬಿ. ಈ ಜಾಗ ವಿಂಡೋಸಿನಲ್ಲಿ ‘ಆಪ್‌ಡೇಟಾ’ ಎಂಬ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿರುತ್ತದೆ. ‘ಡಾಕ್ಯುಮೆಂಟ್ಸ್’ ಮಾತ್ರ ನಕಲು ಮಾಡುವವರಿಗೆ ಇದು ಸಿಕ್ಕುವುದಿಲ್ಲ. ನಮ್ಮವರ ಅತಿ ಜಾಗ್ರತೆಯನ್ನು ಮೂವತ್ತು ವರ್ಷ ಹಾಸ್ಯ ಮಾಡಿದವಳು ಅಂದು ಕೇಳದೆಯೇ ಕಾಫಿ ಕೊಟ್ಟೆ.

ಆ ಬೋಳು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಸಿದ. ಫೋಟೋಗಳಿದ್ದ ಕಡೆ ಅರ್ಥವಿಲ್ಲದ ಅಕ್ಷರಗಳ ರಾಶಿ. ನಡುವೆ ಅಕ್ಕನ ಸಾಲುಗಳು ಹಾಗ್ಹಾಗೇ ಇದ್ದವು. ಆಮೇಲೆ ಥಂಡರ್‌ಬರ್ಡನ್ನು ಮುಚ್ಚಿ, ಅದೊಂದೇ ಫೈಲಿನ ನಕಲಿಗೆ ಬೇರೆ ಹೆಸರಿಟ್ಟು ‘ಲೋಕಲ್ ಫೋಲ್ಡರ್ಸ್’ ಒಳಗೆ ಹಾಕಿದೆವು. ಇಡೀ ಪ್ರೊಫೈಲನ್ನೇ ಹಳೆಯದರಿಂದ ಮುಚ್ಚಿದರೆ ಆ ವಾರ ಬಂದ ಮೇಲೆಲ್ಲ ಹೋಗುತ್ತಿತ್ತು. ಮತ್ತೆ ತೆರೆದರೆ ಸೂಚಿಯನ್ನು ತಾನೇ ಹೊಸದಾಗಿ ಕಟ್ಟಿಕೊಂಡಿತು. 560 ಚಿಲ್ಲರೆ ಕಾಗದ!

“ಚಿಕ್ಕಮ್ಮ, ಆ ಫೈಲನ್ನ ನನಗೂ ಕಳಿಸು. ಅಮ್ಮ ಏನೇನು ಬರೆದಿದ್ದಾಳೋ ಓದಬೇಕು,” ಅಂದ. ದನಿ ಗದ್ಗದವಾಗಿತ್ತು.

ನನಗೆ ಮಾತು ಹೊರಡಲಿಲ್ಲ. ಸಾರಿನ ಪುಡಿ ಇರುವ ಗಂಟಿನಲ್ಲೇ, ಮಗ ಮಾತೇ ಆಡುವುದಿಲ್ಲ ಎಂದು ಅತ್ತು ಬರೆದದ್ದೂ ಇದೆ, ಸೊಸೆಯ ಮೇಲಿನ ಸಿಟ್ಟೂ ಇದೆ. ಆರು ತಿಂಗಳ ಮೇಲೆ ಅದೇ ಸೊಸೆಯನ್ನು ಹೊಗಳಿದ್ದೂ ಇದೆ. ಹೆತ್ತವಳ ಅಕ್ಷರ, ಅವನದೂ ಹಕ್ಕಲ್ಲವೇ? ಆದರೆ ಅವಳು ಬರೆದದ್ದು ನನಗೆ. (ಅವನು ಕನ್ನಡ ಪತ್ರಿಕೆ ಓದುವುದು ಬಿಟ್ಟು ಎಷ್ಟೋ ವರ್ಷವಾಯಿತು, ಆ ಧೈರ್ಯದಿಂದಲೇ ಇಲ್ಲಿ ಬರೆಯುತ್ತಿದ್ದೇನೆ.)

ಸದ್ಯಕ್ಕೆ ‘ಅಡಿಗೆ’ ಎಂದು ಹೊಸ ಫೋಲ್ಡರು ಮಾಡಿ ಒಂದೊಂದೇ ಕಾಗದ ಓದಿ ಅದಕ್ಕೆ ನಕಲು ಹಾಕುತ್ತಿದ್ದೇನೆ. ದಿನಕ್ಕೆ ನಾಲ್ಕು ಆಗುವುದೂ ಕಷ್ಟ, ಕಣ್ಣು ಮಂಜಾಗುತ್ತದೆ. ಇನ್ನೂ 2011ರಲ್ಲಿದ್ದೇನೆ. ಅವನು ಪ್ರತಿ ಭಾನುವಾರ ಫೋನಿನಲ್ಲಿ, “ಎಲ್ಲಿಗೆ ಬಂತು ಚಿಕ್ಕಮ್ಮ?” ಅಂತ ಕೇಳುತ್ತಾನೆ. ನೀವಾಗಿದ್ದರೆ ಪೂರ್ತಿ ಕಳಿಸುತ್ತಿದ್ದಿರಾ? ಬರೆದು ತಿಳಿಸಿ.